ದಾವಣಗೆರೆಗೆ ಹೊಸದಾಗಿ ಬಂದವರು ಟಿ.ವಿ. ಹಾಕಿಸುವ ಮೊದಲು

ವರ್ಗವಾಗಿಯೋ ಮಕ್ಕಳ ಓದಿಗೋ ದಾವಣಗೆರೆಗೆ ಬಂದವರು ನಮ್ಮ ಕನ್ನಡ ಸಂಘದಲ್ಲಿ ಗ್ಯಾಸ್, ಸ್ಕೂಲು ವಿಚಾರಿಸಿದ ಮೇಲೆ ಕೇಳುವುದು ಟಿ.ವಿ. ಬಗ್ಗೆ. "ಮಾಳಿಗೆ ಮೇಲೆ ಹಳೇ ಏರಿಯಲ್ ಇದೆ, ಅದಕ್ಕೇ ವೈರ್ ಸಿಕ್ಕಿಸಿದರೆ ಬರುತ್ತಾ?"

ಬರುವುದಿಲ್ಲ. ಮೀನಿನ ಮುಳ್ಳಿನಂಥ ಆ ಏರಿಯಲ್ ಇದ್ದದ್ದು ದೂರದರ್ಶನದ ನೆಲದ ಟವರ್‌ಗಳಿಗಾಗಿ. ದೂರದರ್ಶನ ನಡೆಸುವ ಪ್ರಸಾರ ಭಾರತಿ ದೇಶದ ಹಳೇ ಅನಲಾಗ್ ಟವರ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂತು. ಆಯಕಟ್ಟಿನ ಜಾಗದ ಸುಮಾರು 50 ಟವರ್ ಬಿಟ್ಟು ಮಿಕ್ಕವಕ್ಕೆಲ್ಲ 2022ರ ಮಾರ್ಚ್ ಗಡುವು ಇಟ್ಟಿತ್ತು. ಡಿಜಿಟಲ್ ಟವರ್ ಇಲ್ವಾ ಅಂತ ಕೇಳಬಹುದು. 2016ರಲ್ಲಿ ಡಿವಿಬಿ-ಟಿ2 ಅನ್ನುವ ಡಿಜಿಟಲ್ ಟವರ್ ಪ್ರಸಾರ ಶುರುವಾದದ್ದು 16 ನಗರಗಳಲ್ಲಿ. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಹಾಗಾಗಿ ಇಲ್ಲಿ ಟಿ.ವಿ.ಯ ಮೆನುವಿನಲ್ಲಿ 'ಆಂಟೆನಾ' ಆರಿಸಿ ಚಾನೆಲ್ ಹುಡುಕಿಸಿ ಏನೂ ಸಿಗದಿದ್ದರೆ ಟಿ.ವಿ. ಕೆಟ್ಟಿದೆ ಅಂದುಕೊಳ್ಳಬೇಡಿ. 'ಡಿಜಿಟಲ್ ಆಂಟೆನಾ' ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ತಿಂಗಳ ಬಿಲ್ ಬೇಡ ಅನ್ನುವವರಿಗೆ ದೂರದರ್ಶನದ ಉಚಿತ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾದದ್ದು ಇದೇ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ತುಂಡು), ವೈರು, ಬಾಕ್ಸ್ ಒಮ್ಮೆ ಕೊಂಡರೆ ಮುಗಿಯಿತು. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನು ಕೇಳಿ; ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಅರ್ಧಂಬರ್ಧ ಚಾನೆಲ್‌ಗಳಷ್ಟೇ ಬರುತ್ತವೆ. ಕನ್ನಡ ಹೊಸದಾಗಿ ಕಲಿಯುತ್ತಿರುವ ಮನೆಯವರು ಡಿಡಿ ಚಂದನ ಹಾಕಿಡಿ. ವಾರ್ತೆ ಓದುವವರು ಕಿರುಚುವುದಿಲ್ಲ, ಮಾತು ಬಿಡಿಸಿ ಹೇಳುತ್ತಾರೆ. ಆದರೆ ಮನೆಯಲ್ಲಿ ಧಾರಾವಾಹಿ ಬಿಡದವರು ಇದ್ದರೆ ಕೊಳ್ಳುವ ಮೊದಲು ಈಗಿನ ಚಾನೆಲ್ ಪಟ್ಟಿ ನೋಡಿ. ಫ್ರೀ ಡಿಶ್‌ನಲ್ಲಿ ಹಿಂದಿಯದೇ ಜಾಸ್ತಿ.

ಇನ್ನು ಡಿಶ್ ಎತ್ತ ತಿರುಗಿಸಬೇಕು? ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ದಾವಣಗೆರೆಯಿಂದ ನೋಡಿದರೆ ಅದು ಆಗ್ನೇಯ, ಮೊಬೈಲಿನ ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ. ದಿಗಂತದಿಂದ ಎತ್ತರ ಸುಮಾರು 63 ಡಿಗ್ರಿ. ಚಿತ್ರದುರ್ಗದವರಿಗೂ ಇದೇ ಲೆಕ್ಕ, ಒಂದು ಡಿಗ್ರಿ ಆಚೀಚೆ. ಇಷ್ಟು ಮೇಲಿರುವುದರಿಂದ ದುರ್ಗದ ಬೆಟ್ಟ ಅಡ್ಡ ಬರುವುದಿಲ್ಲ. ಪಕ್ಕದ ಮನೆಯ ತೆಂಗಿನಮರ, ನೀರಿನ ಟ್ಯಾಂಕು ಅಡ್ಡ ಬರುತ್ತವೆ. ಮನೆ ನೋಡುವಾಗ ವಾಸ್ತುವಿನವರು ಆಗ್ನೇಯದಲ್ಲಿ ಅಡುಗೆಮನೆ ಹುಡುಕುತ್ತಾರೆ. ನೀವು ಅದೇ ದಿಕ್ಕಿನಲ್ಲಿ ಒಂದಿಷ್ಟು ಖಾಲಿ ಆಕಾಶವನ್ನೂ ಹುಡುಕಿ, ಮಾಲೀಕರ ಒಪ್ಪಿಗೆಯನ್ನೂ ಆಗಲೇ ಕೇಳಿ.

ತಟ್ಟೆ ಅಷ್ಟೇನೂ ಮೇಲೆ ನೋಡುತ್ತಿಲ್ಲವಲ್ಲ ಅಂತ ಗಾಬರಿ ಬೇಡ. ಇವು ಆಫ್‌ಸೆಟ್ ಡಿಶ್‌ಗಳು, ನಿಜವಾಗಿ ನೋಡುವ ದಿಕ್ಕಿಗಿಂತ ನೆಟ್ಟಗೆ ನಿಂತಂತೆ ಕಾಣುತ್ತವೆ. ಬಾಕ್ಸ್‌ನಲ್ಲಿ ಎಲ್‌ಎನ್‌ಬಿ 9750/10600, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು ಡಿಶ್ಶನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ, ಡಿಶ್ ಎತ್ತಲೋ ನೋಡುತ್ತಿದ್ದರೂ ಅದು ತುಂಬಿರಬಹುದು. ಕ್ವಾಲಿಟಿ ಪಟ್ಟಿ ಏರಿದರೆ ಮಾತ್ರ ಉಪಗ್ರಹ ಸಿಕ್ಕಿದೆ ಅಂತ. ಆಮೇಲೆ ಎಲ್‌ಎನ್‌ಬಿಯನ್ನೂ ಸ್ವಲ್ಪ ಓರೆ ಮಾಡಿ, ಕ್ವಾಲಿಟಿ ಜಾಸ್ತಿ ಬಂದ ಕಡೆ ಬಿಗಿ ಮಾಡಿ. ಒಬ್ಬರು ಮಾಳಿಗೆ ಮೇಲೆ, ಒಬ್ಬರು ಟಿ.ವಿ. ಮುಂದೆ ಫೋನಿನಲ್ಲಿ ಮಾತಾಡಿಕೊಂಡು ಮಾಡಿದರೆ ಬೇಗ ಆಗುತ್ತದೆ.

ಆಷಾಢದ ಗಾಳಿಯ ಬಗ್ಗೆ ಒಂದು ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಡಿಶ್ ಕಾಲನ್ನು ಇಟ್ಟಿಗೆ ಹೇರಿ ನಿಲ್ಲಿಸಬೇಡಿ, ಗೋಡೆಗೆ ಬೋಲ್ಟ್ ಹಾಕಿಸಿ. ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ಕೋಟೆ ಹತ್ತಿರದ ಮನೆಯವರು ಮಂಗಗಳ ಕೈಗೆ ಸಿಗದಂತೆ ವೈರನ್ನು ಪೈಪಿನೊಳಗೆ ಎಳೆಸಿ. ಜೋರು ಮಳೆಯಲ್ಲಿ ಚಿತ್ರ ನಿಂತರೆ ಮಳೆ ನಿಲ್ಲುವವರೆಗೆ ಕಾಯಿರಿ, ಡಿಶ್ ಮುಟ್ಟಬೇಡಿ. ಗುಡುಗು ಸಿಡಿಲಿದ್ದರೆ ಪ್ಲಗ್, ಡಿಶ್ ವೈರ್ ಎರಡನ್ನೂ ಕಳಚಿ. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಬೆಳಿಗ್ಗೆ 11ರ ಸುಮಾರಿಗೆ ಬಿಸಿಲಿದ್ದಾಗಲೇ ಕೆಲವು ನಿಮಿಷ ಚಿತ್ರ ಹೋಗಬಹುದು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ನಾಲ್ಕು ದಿನ ಹೀಗಾಗಿ ತಾನೇ ಸರಿಹೋಗುತ್ತದೆ, ರಿಪೇರಿಯವರನ್ನು ಕರೆಯಬೇಡಿ.

ನಿನ್ನೆ ಬರುತ್ತಿದ್ದ ಚಾನೆಲ್ ಇವತ್ತಿಲ್ಲ ಅನ್ನುವ ದೂರು ಏಪ್ರಿಲ್‌ನಲ್ಲಿ ಜಾಸ್ತಿ. ಫ್ರೀ ಡಿಶ್‌ನ ಜಾಗಗಳನ್ನು ಪ್ರಸಾರ ಭಾರತಿ ವರ್ಷ ವರ್ಷ ಇ-ಹರಾಜು ಹಾಕುತ್ತದೆ. ಗೆದ್ದ ಚಾನೆಲ್ ಬರುತ್ತದೆ, ಸೋತದ್ದು ಹೋಗುತ್ತದೆ. ಬಾಕ್ಸ್‌ನಲ್ಲಿ ಆಟೋ ಸ್ಕ್ಯಾನ್ ಕೊಡಿ, ಹೊಸ ಪಟ್ಟಿ ಕೂರುತ್ತದೆ. ಈ ಬಟನ್ ಒತ್ತಿಕೊಡಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮಾಳಿಗೆ ಹತ್ತುವ ಗೋಜೇ ಬೇಡ ಅಂದರೆ ಕೇಬಲ್ ಹಾಕಿಸಿ. ಅಕ್ಕಪಕ್ಕದವರು ಯಾರ ಹತ್ತಿರ ಹಾಕಿಸಿದ್ದಾರೆ ಅಂತ ಕೇಳಿ, ಆಪರೇಟರ್ ಬೀದಿಗೊಬ್ಬರು. ಅವರು ಹೇಳಿದ ಪ್ಯಾಕೇ ತೆಗೆದುಕೊಳ್ಳಬೇಕೆಂದಿಲ್ಲ, ಬೇಕಾದ ಪೇ ಚಾನೆಲ್‌ಗಳನ್ನು ಬಿಡಿಯಾಗಿಯೂ ಆರಿಸಬಹುದು. ಮೊದಲು ಚಾನೆಲ್ ದರದ ಜೊತೆ ತಿಂಗಳಿಗೆ ಕಟ್ಟುವ ನೆಟ್‌ವರ್ಕ್ ಶುಲ್ಕಕ್ಕೆ ನಿಯಂತ್ರಣ ಸಂಸ್ಥೆ ಟ್ರಾಯ್ 130 ರೂಪಾಯಿಯ ಮಿತಿ ಇಟ್ಟಿತ್ತು. 2024ರಲ್ಲಿ ಆ ಮಿತಿ ತೆಗೆದಿದೆ, ಅದಕ್ಕೇ ಇಬ್ಬರು ಮೂವರ ಹತ್ತಿರ ದರ ವಿಚಾರಿಸಿ. ಬಾಕ್ಸ್‌ಗೆ ಠೇವಣಿ ಕಟ್ಟಿದರೆ ರಸೀದಿ ಕೇಳಿ ಇಟ್ಟುಕೊಳ್ಳಿ, ಮುಂದಿನ ವರ್ಗಾವಣೆಗೆ ಮನೆ ಖಾಲಿ ಮಾಡುವಾಗ ಬೇಕಾಗುತ್ತದೆ.