ಒಂದೇ ಚಿತ್ರದಿಂದ ಹಲವು ಬಾರಿ ಗಳಿಸುವುದು: ನನ್ನ ಅನುಭವ

ಮೂಲ ಚಿತ್ರ ಒಮ್ಮೆ ಮಾರಿದರೆ ಮುಗಿಯಿತು. ಇಂಟರ್ನೆಟ್ ಬಂದ ಮೇಲೆ ಅದೇ ಚಿತ್ರ ಪ್ರಿಂಟ್ ಆಗಿ, ಪುಸ್ತಕದ ಮುಖಪುಟವಾಗಿ ವರ್ಷಗಟ್ಟಲೆ ದುಡ್ಡು ತರಬಲ್ಲದು. ಹಾಗಾಗಿ ನನ್ನ ಪಾಲಿಗೆ ನಿಜವಾದ ಆಸ್ತಿಯೆಂದರೆ ಸ್ಕ್ಯಾನ್ ಮಾಡಿಟ್ಟ ಫೈಲ್. ಅದು ಕೆಟ್ಟರೆ ಮುಂದಿನದ್ದೆಲ್ಲ ಕೆಟ್ಟಂತೆ.

ವಾರ್ನಿಷ್ ಹಚ್ಚುವ, ಫ್ರೇಮ್ ಹಾಕುವ ಮೊದಲೇ ಸ್ಕ್ಯಾನ್ ಮಾಡುತ್ತೇನೆ. ವಾರ್ನಿಷ್ ಹಚ್ಚಿದರೆ ಬೆಳಕು ಹೊಳೆದು ಬಿಳಿ ಮಚ್ಚೆ ಬೀಳುತ್ತದೆ. ಎ4 ಅಳತೆಯ ಚಿತ್ರಕ್ಕೆ 600 ಡಿಪಿಐ (ಒಂದು ಇಂಚಿನಲ್ಲಿರುವ ಚುಕ್ಕೆಗಳ ಸಂಖ್ಯೆ), 16 ಬಿಟ್ (ಬಣ್ಣದ ಸೂಕ್ಷ್ಮ ಛಾಯೆಗಳೂ ಉಳಿಯುವ ಮಟ್ಟ), ಟಿಫ್ ಫೈಲ್ (ಗುಣಮಟ್ಟ ಕುಗ್ಗದಂತೆ ಚಿತ್ರ ಉಳಿಸುವ ಬಗೆ). ಮುದ್ರಣಕ್ಕೆ 300 ಡಿಪಿಐ ಸಾಕು. 600 ಇದ್ದರೆ ಅದೇ ಚಿತ್ರವನ್ನು ಎ2 ಗಾತ್ರಕ್ಕೂ ಹಿಗ್ಗಿಸಬಹುದು. ಜಾಲತಾಣಕ್ಕೆ ಹಾಕುವ ಪ್ರತಿಯ ಉದ್ದ ಮಾತ್ರ 1500 ಪಿಕ್ಸೆಲ್ ಮೀರದಂತೆ ನೋಡಿಕೊಳ್ಳುತ್ತೇನೆ. ಅದನ್ನು ಯಾರಾದರೂ ಕದ್ದು ಮುದ್ರಿಸಿದರೂ ಸುಮಾರು 12 ಸೆಂ.ಮೀ. ದಾಟಿದ ಮೇಲೆ ಮಸುಕಾಗುತ್ತಾ ಹೋಗುತ್ತದೆ.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಪ್ರಿಂಟರ್ ಅಲ್ಲ, ನಮ್ಮ ಪರದೆಯ ಅತಿಯಾದ ಬೆಳಕು. ಅದನ್ನು ತಗ್ಗಿಸಿ, ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು ಬಣ್ಣ ಹೊಂದಿಸಬೇಕು. ಗಾಢ ನೀಲಿ, ಮಿಂಚುವ ಹಸಿರು ಕಾಗದದ ಮೇಲೆ ಮಂಕಾಗುವುದು ಸಹಜ, ಆದ್ದರಿಂದ ಮೊದಲು ಒಂದು ಸಣ್ಣ ಮಾದರಿ ತೆಗೆಸಿ ನೋಡುತ್ತೇನೆ. ಆಮ್ಲರಹಿತ ಹತ್ತಿ ಕಾಗದ, ಸುಮಾರು 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ), ಪಿಗ್ಮೆಂಟ್ ಶಾಯಿ (ಬಣ್ಣದ ನುಣ್ಣನೆ ಕಣಗಳಿರುವ, ಬೇಗ ಮಾಸದ ಶಾಯಿ): ಇದರಲ್ಲಿ ರಾಜಿ ಬೇಡ. ಇಷ್ಟು ದಪ್ಪದ ಕಾಗದವನ್ನು ಸಣ್ಣ ಕೊಳವೆಗೆ ಬಿಗಿಯಾಗಿ ಸುತ್ತಿದರೆ ಮೇಲ್ಪದರ ಬಿರುಕು ಬಿಡುತ್ತದೆ. ಅಗಲವಾದ ಕೊಳವೆಯೇ ಬೇಕು.

ಒಟ್ಟು 50 ಪ್ರತಿ ಮಾತ್ರ ಎಂದು ಹೇಳಿ 7/50 (ಐವತ್ತರಲ್ಲಿ ಏಳನೆಯದು) ಎಂದು ಪೆನ್ಸಿಲ್‌ನಲ್ಲಿ ಬರೆದ ಮೇಲೆ 51ನೆಯದನ್ನು ತೆಗೆಯಲೇಬಾರದು. ಕೊಂಡವರಿಗೆ ಕೊಟ್ಟ ಮಾತು ಅದು. ಬೆಲೆ ಕಟ್ಟುವಾಗ ಕಾಗದ, ಕೊಳವೆ, ಅಂಚೆ, ಮಾರಾಟ ತಾಣದ ಕಮಿಷನ್, ಪಾವತಿ ಶುಲ್ಕ ಎಲ್ಲರಿಗೂ ನೆನಪಿರುತ್ತವೆ. ಹಾಳಾದ ಪ್ರಿಂಟ್‌ಗಳ ಖರ್ಚು ಮಾತ್ರ ಬಿಟ್ಟುಹೋಗುತ್ತದೆ.

ನನಗೆ ಅತಿ ಮುಖ್ಯವೆನಿಸುವುದು ಪರವಾನಗಿ, ಅಂದರೆ ಚಿತ್ರವನ್ನು ಬಳಸಲು ಕೊಡುವ ಅನುಮತಿ. ಆಗಲೇ ಬಿಡಿಸಿಟ್ಟ ಚಿತ್ರ ಕೊಂಡವರಿಗೆ ಚಿತ್ರ ಹೋಗುತ್ತದೆ, ಬರೆದುಕೊಡದ ಹೊರತು ಹಕ್ಕುಸ್ವಾಮ್ಯ ಹೋಗುವುದಿಲ್ಲ. ಪ್ರಕಾಶಕರು ಕೇಳಿದಾಗ ಯಾವ ಬಳಕೆಗೆ, ಎಷ್ಟು ಪ್ರತಿ, ಎಷ್ಟು ವರ್ಷ, ಯಾವ ದೇಶಗಳಲ್ಲಿ ಎಂದು ಬರೆಸಿಕೊಳ್ಳುತ್ತೇನೆ. ಕರಾರಿನಲ್ಲಿ “ಎಲ್ಲ ಹಕ್ಕುಗಳೂ” ಎಂಬ ಸಾಲಿದ್ದರೆ ಅದನ್ನು ಹೊಡೆದುಹಾಕಿಸುತ್ತೇನೆ. ಒಪ್ಪದಿದ್ದರೆ, ಮುಂದಿನ ಗಳಿಕೆಯನ್ನೆಲ್ಲ ಲೆಕ್ಕಹಾಕಿ ಬೆಲೆ ಹೇಳುತ್ತೇನೆ.