ಹೆಚ್ಚು ಜನ ನೋಡದ ಸೈನ್ಸ್ ಫಿಕ್ಷನ್ ಸಿನಿಮಾ: ವಾದಕ್ಕಿಳಿಯುವ ಮುನ್ನ

ಎಲ್ಲರೂ ನೋಡಿದ್ದು ಒಂದೇ ಆವೃತ್ತಿಯೇ ಎಂದು ಮೊದಲು ಕೇಳಿಕೊಳ್ಳಿ. 1998ರಲ್ಲಿ ‘ಡಾರ್ಕ್ ಸಿಟಿ’ ಥಿಯೇಟರಿಗೆ ಬಂದಾಗ ಶುರುವಿನ ನಿರೂಪಣೆಯೇ ಕಥೆಯ ಗುಟ್ಟು ಬಿಟ್ಟುಕೊಡುತ್ತಿತ್ತು. 2008ರ ನಿರ್ದೇಶಕರ ಆವೃತ್ತಿಯಲ್ಲಿ ಅದಿಲ್ಲ. ಒಬ್ಬರು ಅದನ್ನು, ಇನ್ನೊಬ್ಬರು ಇದನ್ನು ನೋಡಿ ‘ಸಸ್ಪೆನ್ಸ್ ಇದೆ’, ‘ಇಲ್ಲ’ ಎಂದು ಕೂಗಾಡಿದರೆ ಇಬ್ಬರೂ ಸರಿಯೇ!

ಬಜೆಟ್ ಮಾತು ಬಿಡಿ. ಸುಮಾರು 7,000 ಡಾಲರಿನಲ್ಲಿ ತೆಗೆದ ‘ಪ್ರೈಮರ್’ (2004) ಗ್ರಾಫಿಕ್ಸ್‌ನಲ್ಲಿ ಸೋತಿತು ಅನ್ನುವುದು ವಾದವೇ ಅಲ್ಲ. ಅದರ ಮುಖ್ಯ ನಿಯಮ ಹಿಡಿಯಿರಿ: ಕಾಲದಲ್ಲಿ ಹಿಂದಕ್ಕೆ ಒಯ್ಯುವ ಪೆಟ್ಟಿಗೆಯೊಂದು ಅದರಲ್ಲಿದೆ, ಆ ಪೆಟ್ಟಿಗೆ ಚಾಲೂ ಆದ ಕ್ಷಣಕ್ಕಿಂತ ಹಿಂದಕ್ಕೆ ಹೋಗಲಾಗದು. ಅರ್ಥವಾಗದ್ದನ್ನೆಲ್ಲ ತಪ್ಪು ಅನ್ನಬೇಡಿ. ನಿಯಮ ಮುರಿದ ದೃಶ್ಯವನ್ನು ನಿಮಿಷ ಸಮೇತ ತೋರಿಸಿ. ಚಿತ್ರ 77 ನಿಮಿಷವಷ್ಟೇ. ಎರಡನೇ ಸಲ ನೋಡುವಾಗ ಕಾಗದದ ಮೇಲೆ ಪ್ರತಿ ಪಾತ್ರಕ್ಕೊಂದು ಗೆರೆ ಎಳೆದು, ಪೆಟ್ಟಿಗೆ ಹೊಕ್ಕಾಗಲೆಲ್ಲ ಗುರುತು ಹಾಕಿ.