ವಿಡಾಲ್ ರಿಪೋರ್ಟ್ ಕೈಗೆ ಬಂತು, ಓದುವುದು ಹೇಗೆ?

ರಾಯಚೂರಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತ ತೆಗೆದವನು ನಾನು. ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗನಿಗೆ ಜ್ವರ ಬಂದು ಎರಡು ದಿನ ಆಗಿತ್ತಷ್ಟೇ. ಅವನ ತಾಯಿ ವಿಡಾಲ್ ರಿಪೋರ್ಟ್, ಅಂದರೆ ಟೈಫಾಯ್ಡ್ ಪತ್ತೆಗೆ ಮಾಡುವ ರಕ್ತಪರೀಕ್ಷೆಯ ರಿಪೋರ್ಟ್, ಹಿಡಿದು ಓಡಿ ಬಂದರು. "ಅಣ್ಣಾರ, ಟೈಫಾಯ್ಡ್ ಎಂಬತ್ತು ಪಾಯಿಂಟ್ ಐತಂತ್ರಿ!"

ಅದು ಪಾಯಿಂಟ್ ಅಲ್ಲ. ಆದರೆ ಅಲ್ಲಿಗೆ ಆಮೇಲೆ ಬರೋಣ.

ಮೊದಲು ತಾರೀಖು ನೋಡಿ. ಜ್ವರ ಶುರುವಾಗಿ ಎಷ್ಟನೇ ದಿನಕ್ಕೆ ರಕ್ತ ಕೊಟ್ಟಿರಿ? ವಿಡಾಲ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಕಾಣಿಸಲು ಸುಮಾರು ಒಂದು ವಾರ ಬೇಕು. ಎರಡನೇ ದಿನದ ರಿಪೋರ್ಟ್ ನೆಗೆಟಿವ್ ಬಂದರೂ ನಂಬಬೇಡಿ, ಪಾಸಿಟಿವ್ ಬಂದರೂ ನಂಬಬೇಡಿ.

ಆಮೇಲೆ ಸಾಲುಗಳು. ಓ ಮತ್ತು ಎಚ್ ಅಂತ ಇರುವವು ಟೈಫಾಯ್ಡಿನವು, ಎಎಚ್ ಮತ್ತು ಬಿಎಚ್ ಅದರ ತಮ್ಮನಂಥ ಪ್ಯಾರಾಟೈಫಾಯ್ಡ್ ಜ್ವರದವು.

ಈಗ ಎಲ್ಲರೂ ಎಡವುವ ಜಾಗ. 1:80 ಅಂದರೆ ನಿಮ್ಮ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು) 80 ಪಟ್ಟು ತೆಳು ಮಾಡಿದರೂ ಅದು ಬಾಟಲಿಯಲ್ಲಿ ಬರುವ, ಸತ್ತ ಟೈಫಾಯ್ಡ್ ರೋಗಾಣುಗಳ ದ್ರಾವಣದ ಜೊತೆ ಸೇರಿ ಹಾಲು ಒಡೆದ ಹಾಗೆ ಗಂಟು ಕಟ್ಟಿತು ಅಂತ ಅರ್ಥ. ಮಜ್ಜಿಗೆಗೆ ನೀರು ಹಾಕುತ್ತಾ ಹೋಗಿ, ಹುಳಿ ಎಲ್ಲಿಯವರೆಗೆ ನಾಲಿಗೆಗೆ ತಗಲುತ್ತದೆ ಅಂತ ನೋಡುತ್ತೇವಲ್ಲ, ಹಾಗೇ. ಲೆಕ್ಕ 20, 40, 80, 160, 320 ಅಂತ ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಾಗಾಗಿ 80 ಇದ್ದದ್ದು 160 ಆದರೆ ಅದು ಒಂದೇ ಮೆಟ್ಟಿಲು. ಅದೇ ರಕ್ತವನ್ನು ಇನ್ನೊಬ್ಬ ಟೆಕ್ನಿಷಿಯನ್ ನೋಡಿದರೂ ಅಷ್ಟು ಆಚೀಚೆ ಆಗುತ್ತದೆ. ವಾರ ಹತ್ತು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟಾಗ 40 ಇದ್ದದ್ದು 160 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ, ಆಗ ಅದಕ್ಕೆ ತೂಕ.

ಟೈಫಾಯ್ಡ್ ಜಾಸ್ತಿ ಇರುವ ನಮ್ಮಂಥ ಕಡೆ ಆರೋಗ್ಯವಾಗಿ ಓಡಾಡುವವರ ರಕ್ತದಲ್ಲೂ 1:40, 1:80 ಸಿಗುತ್ತದೆ. ಹಿಂದೆ ಯಾವಾಗಲೋ ಬಂದು ಹೋದ ಟೈಫಾಯ್ಡ್, ಹಾಕಿಸಿದ ಲಸಿಕೆ, ಕೆಲವೊಮ್ಮೆ ಮಲೇರಿಯಾ ಕೂಡ ಅಂಕಿ ಏರಿಸುತ್ತವೆ. ಫ್ರಾನ್ಸಿನ ಡಾಕ್ಟರ್ ವಿಡಾಲ್ ಈ ಪರೀಕ್ಷೆ ಕೊಟ್ಟದ್ದು 1896ರಲ್ಲಿ. ನಾವಿನ್ನೂ ಅದನ್ನೇ ಹಿಡಿದು ಕೂತಿದ್ದೇವೆ, ಅಗ್ಗ ಅಲ್ವಾ!

ಅಂದ ಹಾಗೆ, ಕಾರ್ಡ್ ಮೇಲೆ ಒಂದು ಹನಿ ಹಾಕಿ ಕಲಕಿ ಒಂದೆರಡು ನಿಮಿಷದಲ್ಲಿ ಹೇಳುವ ಸ್ಲೈಡ್ ವಿಧಾನಕ್ಕಿಂತ ಟ್ಯೂಬಿನಲ್ಲಿ ಮಾಡಿದ್ದೇ ವಾಸಿ. ಯಾವುದರಲ್ಲಿ ಮಾಡಿದ್ರಿ ಅಂತ ಲ್ಯಾಬಿನವರನ್ನು ಕೇಳಿ, ನಾಚಿಕೆ ಬೇಡ.

ನನ್ನನ್ನು ಕೇಳಿದರೆ, ದುಡ್ಡು ಹಾಕುವುದಾದರೆ ಬ್ಲಡ್ ಕಲ್ಚರಿಗೆ ಹಾಕಿ, ಅದೂ ಮೊದಲ ವಾರದಲ್ಲೇ. ಅದು ರೋಗಾಣುವನ್ನೇ ಬೆಳೆಸಿ ತೋರಿಸುತ್ತದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತಲೂ ಹೇಳುತ್ತದೆ. ಮೂರರಿಂದ ಐದು ದಿನ ಕಾಯಬೇಕು. ಮೆಡಿಕಲ್ ಶಾಪಿನಿಂದ ಎರಡು ಆ್ಯಂಟಿಬಯೋಟಿಕ್ ಗುಳಿಗೆ ನುಂಗಿ ಬಂದು ಕಲ್ಚರಿಗೆ ರಕ್ತ ಕೊಡುವವರಿದ್ದಾರೆ. ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಆಶ್ಚರ್ಯವಿಲ್ಲ. ಹೊಟ್ಟೆ ವಿಪರೀತ ನೋಯುತ್ತಿದ್ದರೆ, ಮಲ ಕಪ್ಪಗಾದರೆ, ರೋಗಿ ಮಂಕಾದರೆ ರಿಪೋರ್ಟ್ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಆ ಹುಡುಗನ ಜ್ವರ ನಾಲ್ಕನೇ ದಿನ ತಾನಾಗೇ ಇಳಿಯಿತು. ಅವನ ತಾಯಿಗೆ ಮಾತ್ರ ಸಮಾಧಾನವಿಲ್ಲ. "ಸಾಲಿಗೆ ಕಳ್ಸೂದಕ್ಕಿಂತ ಮುಂಚೆ ನೆಗೆಟಿವ್ ಬರ್ಲಿ ಅಂತ ಮತ್ತೊಮ್ಮೆ ಮಾಡಿಸ್ಲೇನ್ರೀ?" ಅಂತ ಕೇಳಿದರು. ನಿಜವಾದ ಟೈಫಾಯ್ಡ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ವಿಡಾಲ್ ಪಾಸಿಟಿವ್ ಇರುತ್ತದೆ ಅಂತ ವಿವರಿಸಿ, ಸುಮ್ನೆ ಸಾಲಿಗೆ ಕಳಿಸಿರಿ ಅಂದೆ.